ಫ್ಲಾಟ್ ಬಿಟ್ಟುಕೊಟ್ಟರೆ ಒಡವೆ ಕೊಡ್ತಾರಂತೆ, ಒಪ್ಪಲಾ?

ಮಲ್ಲಿಗೆಮೊಗ್ಗು:
ನಾನೂ ನನ್ನ ಗಂಡನೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕುವವರಿದ್ದೇವೆ. ಫ್ಲಾಟ್ ಇಬ್ಬರ ಹೆಸರಲ್ಲಿದೆ, ಸಾಲವೂ ಹಾಗೇ. ಡೌನ್ ಪೇಮೆಂಟ್ ಅವರದ್ದು, ಇಎಂಐ ಮೊದಲಿನಿಂದಲೂ ನನ್ನ ಸಂಬಳದಿಂದ ಹೋಗುತ್ತಿದೆ. ಈಗ "ಫ್ಲಾಟ್ ನನಗೆ ಬಿಡು, ಅಮ್ಮನ ಲಾಕರ್‌ನಲ್ಲಿರೋ ನಿನ್ನ ಒಡವೆ ತಂದುಕೊಡ್ತೀನಿ, ಲೆಕ್ಕ ಚುಕ್ತಾ" ಅಂತಿದ್ದಾರೆ. ತವರಿನವರು ಹಾಕಿದ ಸರ, ಬಳೆ, ಮದುವೆಯಲ್ಲಿ ಅತ್ತೆ ಹಾಕಿದ ನೆಕ್ಲೇಸ್ ಎಲ್ಲಾ ಅಲ್ಲೇ ಇದೆ. ನನಗೂ ಬೇಗ ಮುಗಿದರೆ ಸಾಕಾಗಿದೆ.

ಕೋರ್ಟ್‌ಕಟ್ಟೆ:
ನಿಮ್ಮ ಒಡವೆ ನಿಮಗೇ ಕೊಟ್ಟು ಅದನ್ನೇ ಪಾಲು ಅಂದರೆ ಹೇಗೆ ಮೇಡಂ? ಅದು ಸ್ತ್ರೀಧನ. ತವರಿನವರು ಕೊಟ್ಟಿದ್ದೂ ನಿಮ್ಮದೇ, ಅತ್ತೆ ನಿಮಗೆಂದು ಹಾಕಿದ್ದೂ ನಿಮ್ಮದೇ. 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ತ್ರೀಧನ ಹೆಂಡತಿಯದ್ದೇ ಅಂತ ಹೇಳಿಯಾಗಿದೆ. ಲಾಕರ್ ಯಾರ ಹೆಸರಲ್ಲಿದ್ದರೇನು! ಮದುವೆ ಫೋಟೊ, ಚಿನ್ನದ ಬಿಲ್ಲು ಹುಡುಕಿಡಿ.

ಫ್ಲಾಟ್ ವಿಷಯ ಬೇರೆ. ಮದುವೆಯಾದ ಮೇಲೆ ಗಳಿಸಿದ್ದೆಲ್ಲ ಅರ್ಧರ್ಧ ಅನ್ನೋ ಕಾನೂನು ನಮ್ಮಲ್ಲಿಲ್ಲ (ಗೋವಾದ್ದು ಬೇರೆ ಕಥೆ). ಪತ್ರದಲ್ಲಿ ಯಾರ ಹೆಸರಿದೆ, ದುಡ್ಡು ಯಾರು ಕಟ್ಟಿದರು ಅಂತ ನೋಡ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್ ಪೂರ್ತಿ ತೆಗೆಸಿ.

ನೆಮ್ಮದಿಮುಖ್ಯ:
ಎಲ್ಲಾ ಬಿಟ್ಟು ಹೊರಗೆ ಬನ್ನಿ. ದುಡ್ಡು ಮತ್ತೆ ದುಡೀಬಹುದು. ನಾನು ಹಾಗೇ ಮಾಡಿದೆ.

ಬಡ್ಡಿಲೆಕ್ಕ:
ಬಿಟ್ಟು ಬಂದರೂ ಸಾಲ ಬಿಡಲ್ಲ ಸ್ವಾಮಿ! ಬ್ಯಾಂಕಲ್ಲಿ ಸಾಲದ ಫೈಲು ನೋಡಿದವನು ನಾನು. ಫ್ಲಾಟ್ ಅವರಿಗೆ ಹೋಗಿ ಸಾಲದಲ್ಲಿ ನಿಮ್ಮ ಹೆಸರು ಉಳಿದರೆ, ಅವರು ಕಂತು ತಪ್ಪಿಸಿದಾಗ ಫೋನ್ ನಿಮಗೂ ಬರುತ್ತೆ, ಸಿಬಿಲ್ ಸ್ಕೋರ್ ನಿಮ್ಮದೂ ಬೀಳುತ್ತೆ. ವಿಚ್ಛೇದನದ ಆದೇಶ ತೋರಿಸಿದರೂ ಬ್ಯಾಂಕ್ ನಿಮ್ಮನ್ನು ಬಿಡಲ್ಲ. ಅವರೊಬ್ಬರ ಸಂಬಳದ ಮೇಲೆ ಸಾಲ ಮುಂದುವರಿಸೋಕೆ ಬ್ಯಾಂಕ್ ಒಪ್ಪಬೇಕು. ಒಪ್ಪದಿದ್ದರೆ ಮಾರಿ, ಸಾಲ ತೀರಿಸಿ, ಉಳಿದದ್ದು ಹಂಚಿಕೊಳ್ಳಿ. ಅಲ್ಲಿವರೆಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲೇಬೇಡಿ.

ಮಲ್ಲಿಗೆಮೊಗ್ಗು:
ಸಾಲದ ವಿಷಯ ನನಗೆ ಹೊಳೆದೇ ಇರಲಿಲ್ಲ. ಆದರೆ ಇದನ್ನೆಲ್ಲ ಎತ್ತಿದರೆ ಕೇಸು ಎಳೆಯಲ್ವಾ?

ಕೋರ್ಟ್‌ಕಟ್ಟೆ:
ಉಲ್ಟಾ. 13ಬಿ ಅರ್ಜಿಯಲ್ಲಿ (ಹಿಂದೂ ವಿವಾಹ ಕಾಯ್ದೆಯಡಿ ಇಬ್ಬರೂ ಒಪ್ಪಿ ಹಾಕುವ ವಿಚ್ಛೇದನ ಅರ್ಜಿ) ಆರು ತಿಂಗಳು ಕಾಯಬೇಕು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕೋರ್ಟ್ ಅದನ್ನು ಮನ್ನಾ ಮಾಡಬಹುದು, ಆದರೆ ನಿಮ್ಮಿಬ್ಬರ ನಡುವಿನ ಕೊಡು-ಕೊಳ್ಳುವ ವಿಷಯ ಇತ್ಯರ್ಥವಾಗಿದೆಯಾ ಅಂತ ನೋಡುತ್ತೆ. ಮಾತಾಡಿ, ಒಪ್ಪಂದದಲ್ಲಿ ಬರೆಸಿ. ಒಡವೆಯದ್ದು ಒಂದೊಂದಾಗಿ, ತೂಕದ ಸಮೇತ ಬರೆಸಿ. "ಎಲ್ಲಾ ಒಡವೆ ವಾಪಸ್" ಅಂತ ಒಂದೇ ಸಾಲು ಬೇಡ, ಆಮೇಲೆ ಅದಕ್ಕೇ ಜಗಳ.