ನವಣೆ ಮಾಲ್ಟಿನ ಬಿಯರ್ ರಸ: ಅಪ್‌ಡೇಟ್

ಬಾರ್ಲಿಯ ಬದಲು ನಮ್ಮ ಹೊಸದುರ್ಗದ ನವಣೆಯನ್ನು ಮೊಳಕೆ ಬರಿಸಿ ಬಿಯರಿನ ರಸ (ಈಸ್ಟ್ ಹಾಕಿ ಹುದುಗಿಸುವ ಮುಂಚಿನ ಸಿಹಿ ದ್ರವ) ತೆಗೆದರೆ ಅದು ಸಿಹಿಯಾಗದೆ ಗಂಜಿಯಂತೆಯೇ ಉಳಿಯುವುದೇಕೆ ಎಂದು ಹಿಂದೆ ಕೇಳಿದ್ದೆ. ನೀವು ಸೂಚಿಸಿದ ಕ್ರಮ ಫಲಿಸಿತು. ನವಣೆಯ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಶಾಖ ಬೇಕು, ಆದರೆ ಆ ಶಾಖದಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳೇ ಕೆಡುತ್ತವೆ. ಆದ್ದರಿಂದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಕಾಳಿನ) ತರಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕಿಣ್ವವಿಳಿದ ತಿಳಿಯನ್ನು ಬಸಿದಿಟ್ಟು, ಉಳಿದ ಗಷ್ಟನ್ನು ಚೆನ್ನಾಗಿ ಕುದಿಸಿ, ಬೆರೆತಾಗ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಬರುವಷ್ಟು ಆರಿಸಿ ತಿಳಿಯನ್ನು ಮರಳಿ ಸೇರಿಸಿದೆ. ರಸಕ್ಕೆ ಹಾಕಿದ ಅಯೋಡಿನ್ ಹನಿ ನೀಲಿಗಟ್ಟಲಿಲ್ಲ, ಅಂದರೆ ಪಿಷ್ಟ ಉಳಿದಿರಲಿಲ್ಲ; ರಸವೂ ಸಿಹಿಯಾಗಿತ್ತು. ಹೊಟ್ಟು ಸಹಿತ ನವಣೆಯಾದ್ದರಿಂದ (ಹೊಟ್ಟು ತೆಗೆದದ್ದು ಸರಿಯಾಗಿ ಮೊಳೆಯುವುದೂ ಇಲ್ಲ) ಆ ಹೊಟ್ಟೇ ಜರಡಿಯಂತಾಗಿ ಸೋಸುವುದು ರಾಗಿಗಿಂತ ಸುಲಭವಾಯಿತು. ಪರವಾನಗಿಯಿಲ್ಲದೆ ಮದ್ಯ ತಯಾರಿಸಲು ಕರ್ನಾಟಕ ಅಬಕಾರಿ ಕಾಯ್ದೆ, 1965 ಅವಕಾಶ ಕೊಡದ ಕಾರಣ ಈಸ್ಟ್ ಹಾಕದೆ ರಸವನ್ನೇ ತಣಿಸಿ ಕುಡಿದೆವು.