ನಿನಗೆಷ್ಟು ಕೊಬ್ಬು?

ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ "ಎಷ್ಟು ಕೊಬ್ಬೋ ನಿನಗೆ?" ಅಂತ ಕೇಳಿದವರು ನಮ್ಮ ಮಾಸ್ತರ್ರು. ಒಬ್ಬ ಹುಡುಗನೂ ಉತ್ತರ ಕೊಟ್ಟಿರಲಿಲ್ಲ. ಮೊನ್ನೆ ಬೆಳಿಗ್ಗೆ ಅಪ್ಪನ ಕೆರೆ ಹತ್ತಿರ ವಾಕಿಂಗ್ ಹೋದಾಗ ಅವರೇ ಹೇಳಿಬಿಟ್ಟರು.

"ಹದಿನೇಳು ಪಾಯಿಂಟ್ ಎರಡು."

"ಏನ್ರೀ ಅದು?" ಅಂದ ಬಸಣ್ಣ. ಗಂಜ್‌ನಲ್ಲಿ ಅವನದು ಅಡತಿ ಅಂಗಡಿ. ದರ ಅಂದುಕೊಂಡಿರಬೇಕು.

"ನನ್ನ ಕೊಬ್ಬು. ಶೇಕಡಾ. ಮಗ ಪುಣೆಯಿಂದ ತೂಕದ ಮಷೀನ್ ಕಳಿಸಿದ್ದಾನೆ. ಗಾಜಿನದು. ಬರಿಗಾಲಲ್ಲಿ ನಿಂತರೆ ಸಾಕು, ಎಲ್ಲಾ ಮೊಬೈಲಿಗೆ ಬರುತ್ತೆ. ತೂಕ, ಕೊಬ್ಬು, ನೀರು, ಎಲುಬು. ದೇಹದ ವಯಸ್ಸು ಕೂಡ."

"ವಯಸ್ಸು ಎಷ್ಟು ಬಂತು?"

"ಮೂವತ್ತೈದು."

ಮಾಸ್ತರ್ರು ರಿಟೈರ್ ಆಗಿ ಎರಡು ವರ್ಷ ಆಯಿತು. ನಾವು ಮೂವರೂ ಅವರ ಹೊಟ್ಟೆ ಕಡೆ ನೋಡಿದೆವು. ಅದು ಮುಂದೆ ನಡೀತಿತ್ತು, ಮಾಸ್ತರ್ರು ಅದರ ಹಿಂದೆ.

ಸುಮ್ನೆ ಬಿಡೋ ಮಾತಲ್ಲ ಇದು. ಸೀದಾ ಅವರ ಮನೆಗೇ ಹೋದೆವು. ಪಡಸಾಲೆಯಲ್ಲಿ ಮಷೀನ್ ಇತ್ತು. ಒಳಗೆ ಮಾಸ್ತರ್ರ ಹೆಂಡತಿ, ನಮ್ಮ ವೈನಿ, ರೊಟ್ಟಿ ಬಡೀತಿದ್ದರು. "ತೂಕ ಸರಿ ಇದೆ ಅದರದು," ಅಂದರು ಅಲ್ಲಿಂದಲೇ. ಹಿಂದಿನ ದಿನ ಹೊಸ ಗ್ಯಾಸ್ ಸಿಲಿಂಡರ್ ಇಟ್ಟು ನೋಡಿದ್ದರಂತೆ. ಸಿಲಿಂಡರ್ ಮೇಲೆ ಬರೆದಿದ್ದ ಖಾಲಿ ತೂಕ 15.6 ಕೆಜಿ, ಒಳಗಿನ ಗ್ಯಾಸು 14.2. ಒಟ್ಟು 29.8. ಮಷೀನೂ ಅಷ್ಟೇ ಅಂದಿತ್ತು. "ಕೊಬ್ಬು ಎಷ್ಟು ಅಂತ ಮಾತ್ರ ಹೇಳಲಿಲ್ಲ," ಅಂದರು ವೈನಿ.

ಮೊದಲು ಬಸಣ್ಣ ಹತ್ತಿದ. ನಾನು ಮೊಬೈಲ್ ಹಿಡಿದಿದ್ದೆ. ಗೆಸ್ಟ್ ಅಂತ ಒತ್ತಿದರೆ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಲ್ಲಾ ಕೇಳಿತು. ಹಾಕಿದೆ. ತೂಕ 82, ಕೊಬ್ಬು 24.

ಆಮೇಲೆ ಟೇಲರ್ ಮಹೆಬೂಬ್ ಭಾಯ್. ಕಡ್ಡಿ ಪೈಲ್ವಾನ. ಮೊದಲು ಸಾಕ್ಸ್ ಹಾಕಿಕೊಂಡೇ ನಿಂತ, ಬರೀ ಗೆರೆ ಬಂತು. ಸಾಕ್ಸ್ ಬಿಚ್ಚಿ ನಿಂತರೆ 26!

"ಯಾ ಅಲ್ಲಾ! ಈ ಬಸಣ್ಣನಿಗಿಂತ ನನಗೆ ಜಾಸ್ತಿನಾ?" ಅಂತ ಅವನು ಮಷೀನ್ ಮೇಲಿಂದ ಹಾರಿಯೇ ಬಿಟ್ಟ.

ಬಸಣ್ಣ ಹೊಟ್ಟೆ ಸವರಿಕೊಂಡ. "ಇದು ಕೊಬ್ಬಲ್ಲಪ್ಪ, ಗಾಳಿ. ಮಷೀನೇ ಹೇಳಿತಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಕರೆಂಟಿನ ವಿಷಯ ಬಂದರೆ ನಾನೇ ಪಂಡಿತ.

"ನೋಡ್ರಿ, ಈ ನಾಲ್ಕು ಲೋಹದ ಪಟ್ಟಿ ಇವೆಯಲ್ಲ, ಇವುಗಳಿಂದ ಸಣ್ಣ ಕರೆಂಟು ಪಾದಕ್ಕೆ ಹೋಗುತ್ತೆ," ಅಂದೆ. ಮಹೆಬೂಬ್ ಇನ್ನೂ ಎರಡು ಹೆಜ್ಜೆ ಹಿಂದೆ ಸರಿದ. "ಹೆದರಬೇಡ ಭಾಯ್. ಒಂದು ಮಿಲಿಆಂಪಿಗಿಂತ ಕಡಿಮೆ. ನಮ್ಮ ಮನೆ ಕರೆಂಟು ಸೆಕೆಂಡಿಗೆ 50 ಸಲ ಆ ಕಡೆ ಈ ಕಡೆ ಓಡಾಡಿದರೆ, ಇದು ಸಾಮಾನ್ಯವಾಗಿ 50 ಸಾವಿರ ಸಲ. ಗೊತ್ತೇ ಆಗಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಮಾತ್ರ ಹತ್ತಬಾರದು. ಮಾಂಸದಲ್ಲಿ ನೀರು ಜಾಸ್ತಿ, ಕರೆಂಟು ಸಲೀಸಾಗಿ ಹೋಗುತ್ತೆ. ಕೊಬ್ಬಿನಲ್ಲಿ ನೀರು ಕಡಿಮೆ, ತಡೆಯುತ್ತೆ. ತಡೆ ಎಷ್ಟು ಅಂತ ಮಷೀನ್ ಅಳೆಯುತ್ತೆ. ಕೊಬ್ಬನ್ನು ಅದು ಕಂಡೇ ಇಲ್ಲ."

"ಮತ್ತೆ ನನ್ನ ಹೊಟ್ಟೆ?"

"ಕರೆಂಟು ಒಂದು ಕಾಲಲ್ಲಿ ಹತ್ತಿ ಇನ್ನೊಂದು ಕಾಲಲ್ಲಿ ಇಳಿಯುತ್ತೆ. ಕಿಬ್ಬೊಟ್ಟೆ ತನಕ ಬಂದು ತಿರುಗಿಬಿಡುತ್ತೆ. ನಿನ್ನ ಮೇಲಿನ ಮಾಳಿಗೆಗೆ ಹೆಚ್ಚುಕಡಿಮೆ ಬರೋದೇ ಇಲ್ಲ. ಅಲ್ಲಿ ಏನಿರಬಹುದು ಅಂತ ಅಂದಾಜು ಅಷ್ಟೇ."

"ಕೆಳಮನೆ ಬಾಗಿಲು ತಟ್ಟಿ, ಮೇಲ್ಮನೆ ಜನರನ್ನೂ ಸೇರಿಸಿ ಬರೆದುಕೊಂಡ ಹಾಗೆ," ಅಂದರು ಮಾಸ್ತರ್ರು. ಆಮೇಲೆ ಸ್ವಲ್ಪ ತಡೆದು, "2011ರ ಜನಗಣತಿಯಲ್ಲಿ ಒಂದೆರಡು ಕಡೆ ನಾನೂ ಹಾಗೇ ಮಾಡಿದ್ದೆ. ಬಿಸಿಲು ನೋಡ್ರಿ."

ಬಸಣ್ಣನಿಗೆ ಹೊಟ್ಟೆ ಲೆಕ್ಕಕ್ಕೆ ಸಿಗಲಿಲ್ಲ ಅನ್ನೋದೇ ಖುಷಿ. ಒಂದು ತಂಬಿಗೆ ನೀರು ತರಿಸಿ ಗಟಗಟ ಕುಡಿದ. ಮೇ ತಿಂಗಳ ಕಲಬುರಗಿ, ಎಂಟು ಗಂಟೆಗೇ ಗೋಡೆ ಸುಡುತ್ತೆ. ಕುಡಿದು ಮತ್ತೆ ಹತ್ತಿದ. ತೂಕ 82.6. ಕೊಬ್ಬು 24.5!

"ಬರೀ ನೀರು ಕುಡಿದರೂ ಕೊಬ್ಬಾ?"

ಇದರ ಮರ್ಮ ಇಷ್ಟೇ. ಈಗ ತಾನೇ ಕುಡಿದ ನೀರು ಇನ್ನೂ ಹೊಟ್ಟೆಯಲ್ಲೇ ಇದೆ, ಕಾಲಿನ ಮಾಂಸಕ್ಕೆ ತಲುಪಿಲ್ಲ. ತಡೆ ಬದಲಾಗಿಲ್ಲ, ತೂಕ ಮಾತ್ರ ಏರಿದೆ. ಏರಿದ್ದರಲ್ಲಿ ಬಹುಪಾಲನ್ನು ಮಷೀನ್ ಕೊಬ್ಬಿನ ಖಾತೆಗೆ ಜಮಾ ಮಾಡಿತು. ಬೆವರಿ ಮೈ ಒಣಗಿದರೆ ಇನ್ನೊಂದು ತಮಾಷೆ. ನೀರು ಕಡಿಮೆ ಆದಷ್ಟು ತಡೆ ಜಾಸ್ತಿ, ಆಗಲೂ ಕೊಬ್ಬು ಜಾಸ್ತಿ ಅನ್ನುತ್ತೆ. ಕುಡಿದರೂ ಕಷ್ಟ, ಬಿಟ್ಟರೂ ಕಷ್ಟ. ಹಿಮ್ಮಡಿ ಒಡೆದು ಚರ್ಮ ದಪ್ಪಗಾಗಿದ್ದರೂ ಲೆಕ್ಕ ಆಚೀಚೆ ಆಗುತ್ತೆ. ನಮ್ಮ ಕಡೆ ಒಡೆಯದ ಹಿಮ್ಮಡಿ ಯಾರದಿದೆ ಹೇಳಿ.

ಬಸಣ್ಣ ಏನೋ ಯೋಚನೆಗೆ ಬಿದ್ದಿದ್ದ. "ಅಲ್ಲೋ, ಅಳೆಯೋ ಮಷೀನ್ ನನ್ನ ವಯಸ್ಸು ಯಾಕೆ ಕೇಳಿತು?"

ನನಗೆ ಹೊಳೆಯುವ ಮೊದಲೇ ಅವನಿಗೇ ಹೊಳೆಯಿತು. "ನಮ್ಮ ಗಂಜ್‌ನ ಮಾಯಿಶ್ಚರ್ ಮೀಟರೂ ಹಾಗೇ! ತೊಗರಿಯ ತೇವ 12ಕ್ಕಿಂತ ಜಾಸ್ತಿ ಇದ್ದರೆ ಬೆಂಬಲ ಬೆಲೆಗೆ ತಗೊಳ್ಳಲ್ಲ. ಅದನ್ನು ನೋಡೋ ಮೀಟರ್ ಮೊದಲು ಯಾವ ಕಾಳು ಅಂತ ಕೇಳುತ್ತೆ. ಜೋಳದ ನಂಬರಿಗೆ ಇಟ್ಟು ತೊಗರಿ ಹಾಕಿದರೆ ಬರೀ ಸುಳ್ಳು."

ಅದೇ ಮಾತು. ಮೀಟರ್ ಕಂಡಿದ್ದು ಕರೆಂಟು, ಉಳಿದದ್ದು ಒಳಗೆ ಬರೆದಿಟ್ಟ ಸೂತ್ರ. ಎತ್ತರ, ತೂಕ, ವಯಸ್ಸು, ಗಂಡು ಹೆಣ್ಣು ನೋಡಿ, ಇಂಥವರಿಗೆ ಸಾಮಾನ್ಯವಾಗಿ ಇಷ್ಟು ಕೊಬ್ಬು ಇರುತ್ತೆ ಅಂತ ಅಂದಾಜು. ಯಾವ ಊರಿನ ಜನರನ್ನು ನೋಡಿ ಆ ಸೂತ್ರ ಬರೆದರೋ, ನಾವು ಅವರ ಹಾಗೆ ಇರಬೇಕಲ್ಲ? ಡೆಕ್ಸಾ ಅನ್ನೋ ಎಕ್ಸ್‌ರೇ ಸ್ಕ್ಯಾನಿಗೆ ಹೋಲಿಸಿದರೆ ಈ ಮಷೀನು ಶೇಕಡಾ ಲೆಕ್ಕದಲ್ಲಿ ನಾಲ್ಕೈದು ಅಂಕ ಹೆಚ್ಚುಕಡಿಮೆ ಹೇಳೋದು ಮಾಮೂಲು.

"ಹಾಗಾದ್ರೆ ನನ್ನ 26 ಸುಳ್ಳು," ಅಂತ ಮಹೆಬೂಬ್ ನಿರಾಳ ಆದ.

"ಪೂರ್ತಿ ಸುಳ್ಳು ಅನ್ನಂಗಿಲ್ಲ ಭಾಯ್." ನಾನು ಓದಿದ್ದು ನೆನಪಾಯಿತು. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾಕ್ಟರ್ ಯುಡ್ಕಿನ್ ಪಕ್ಕಪಕ್ಕ ನಿಂತು ತೆಗೆಸಿದ ಫೋಟೋ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಇಬ್ಬರ ಬಿಎಂಐಯೂ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕವೂ, ಒಂದೇ, 22.3. ಸ್ಕ್ಯಾನ್ ಮಾಡಿದರೆ ಇಂಗ್ಲಿಷರವನಲ್ಲಿ ಕೊಬ್ಬು 9.1, ನಮ್ಮವರಲ್ಲಿ 21.2. ನಾವು ಹೊರಗೆ ಸಣ್ಣ, ಒಳಗೆ ದಪ್ಪ.

ಮಹೆಬೂಬ್ ಮುಖ ಮತ್ತೆ ಸಣ್ಣದಾಯಿತು. ಅವನ ಹೊಲಿಗೆ ಮಷೀನಿಗೆ ಮೋಟರ್ ಕೂರಿಸಿದ್ದು ನಾನೇ. ಕಾಲು ತುಳಿಯೋದು ತಪ್ಪಿ ಆರು ವರ್ಷ ಆಯಿತು. ಅದನ್ನು ನಾನು ನೆನಪು ಮಾಡಲಿಲ್ಲ.

ಅಷ್ಟರಲ್ಲಿ ಬಸಣ್ಣ ಮೊಬೈಲ್ ಕಸಿದುಕೊಂಡಿದ್ದ. "ಮಾಸ್ತರ್ರೇ, ನಿಮ್ಮ ಹದಿನೇಳು ಯಾವ ಕಾಳಿನ ನಂಬರ್ ಮೇಲೆ ಬಂತು ನೋಡೋಣ." ನೋಡಿದರೆ ಅದು ಮಗನ ಖಾತೆ. ವಯಸ್ಸು 31, ಎತ್ತರ 5 ಅಡಿ 11, ಅದರ ಕೆಳಗೆ 'ಕ್ರೀಡಾಪಟು' ಅಂತ ಟಿಕ್ಕು.

ಒಳಗೆ ರೊಟ್ಟಿ ಬಡಿಯೋ ಸದ್ದು ನಿಂತಿತು. ವೈನಿ ಬಾಗಿಲಿಗೆ ಬಂದು ನಿಂತಿದ್ದರು, ಸೆರಗು ಬಾಯಿಗೆ ಒತ್ತಿಕೊಂಡು.

62 ವರ್ಷ, 5 ಅಡಿ 5 ಅಂತ ತಿದ್ದಿ ಮತ್ತೆ ನಿಲ್ಲಿಸಿದೆವು. 33.

"ಇದು ಅಂದಾಜು ಅಂದಿರಲ್ಲ," ಅಂದರು ಮಾಸ್ತರ್ರು ತಕ್ಷಣ. ಹದಿನೇಳು ಇದ್ದಾಗ ಅದು ವಿಜ್ಞಾನ ಆಗಿತ್ತು.

"ಅಂದಾಜೇ. ಆದ್ರೆ ದಿನಾ ಬೆಳಿಗ್ಗೆ ಎದ್ದು, ಏನೂ ಕುಡಿಯದೆ, ಒಂದೇ ಹೊತ್ತಿಗೆ ನಿಲ್ಲಿ. ಎರಡು ತಿಂಗಳಲ್ಲಿ ಏರುತ್ತಾ ಇಳಿಯುತ್ತಾ ಅಂತ ಗೊತ್ತಾಗುತ್ತೆ. ಒಂದು ದಿನದ ನಂಬರ್ ಹಿಡಿದು ಅಪ್ಪನ ಕೆರೆ ಸುತ್ತ ಸಾರಬೇಡಿ."

ಮಹೆಬೂಬ್ ಕೊರಳಿನ ಟೇಪ್ ತೆಗೆದ. ವಾಕಿಂಗಿಗೂ ಅದು ಕೊರಳಲ್ಲೇ ಇರುತ್ತೆ. "ಕರೆಂಟು ಬೇಡ, ಮೊಬೈಲು ಬೇಡ. ಕೈ ಎತ್ರಿ."

"ನನ್ನ ಅಳತೆ ನಿನ್ನ ಬುಕ್ಕಿನಲ್ಲೇ ಇದೆಯಲ್ಲೋ. 36. ಹತ್ತು ವರ್ಷದಿಂದ ಅದೇ."

"ಅದು ಪ್ಯಾಂಟಿಂದು. ಹೊಟ್ಟೆ ಕೆಳಗೆ ಕಟ್ಟೋದು. ಹೊಟ್ಟೆ ಎಷ್ಟು ಬೆಳೆದರೂ ಪ್ಯಾಂಟು ಕೆಳಗೆ ಜಾರುತ್ತಾ ಹೋಗುತ್ತೆ, ನಂಬರ್ ಬದಲಾಗಲ್ಲ. ಡಾಕ್ಟರ್ ಅಳತೆ ಬೇರೆ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್ ಒಳಗೆ ಇರಬೇಕಂತೆ. ಮೂವತ್ತೈದೂವರೆ ಇಂಚು ಹಿಡಕೊಳ್ರಿ."

ಹೊಕ್ಕಳಿನ ಹತ್ತಿರ ಟೇಪ್ ಸುತ್ತಿದ. ಮಾಸ್ತರ್ರು ನೆಟ್ಟಗೆ ನಿಂತರು. ಎದೆ ಉಬ್ಬಿತು. ಮುಖ ಕೆಂಪಾಯಿತು. ಕಣ್ಣು ಮಾಡಿನ ಕಡೆ ಹೋಯಿತು.

"ಉಸಿರು ಬಿಡ್ರಿ ಮಾಸ್ತರ್ರೇ."

ಮಾಸ್ತರ್ರು ಬಿಡಲಿಲ್ಲ. ನಾವು ಕಾದೆವು. ವೈನಿ ರೊಟ್ಟಿ ಹೊತ್ತುತ್ತೆ ಅಂತ ಒಳಗೆ ಹೋಗಿ, ತಿರುವಿ ಹಾಕಿ ವಾಪಸ್ ಬಂದರು. ಟೇಪ್ ಇನ್ನೂ ಬಿಗಿಯಾಗಿಯೇ ಇತ್ತು.