ಪ್ಯಾಸೇಜ್ (ಕೋಶಗಳನ್ನು ಹೊಸ ಡಿಶ್ಶಿಗೆ ದಾಟಿಸುವ ಸುತ್ತು) 5ಕ್ಕೆ ಬರುವಾಗ ಡರ್ಮಲ್ ಪ್ಯಾಪಿಲ್ಲಾ (ಕೂದಲ ಬುಡದಲ್ಲಿದ್ದು ಕೂದಲು ಹುಟ್ಟಿಸುವ) ಕೋಶಗಳ ಗುಣ ಹೋಗ್ತದೆ, ಹ್ಯಾಂಗಿಂಗ್ ಡ್ರಾಪ್ (ನೇತಾಡುವ ಹನಿಯಲ್ಲಿ ಕೋಶಗಳನ್ನು ಗೋಲ ಕಟ್ಟಿಸುವುದು) ಯಾವಾಗ ಮಾಡುವುದು?

ದೇರಳಕಟ್ಟೆ_ಕಲ್ಚರ್:
ಹೇರ್ ಟ್ರಾನ್ಸ್‌ಪ್ಲಾಂಟ್‌ನಲ್ಲಿ ಉಳಿಯುವ ಹಿಂದಲೆಯ ಫಾಲಿಕಲ್‌ಗಳಿಂದ (ಕೂದಲು ಹುಟ್ಟುವ ಚೀಲಗಳು) ಪ್ಯಾಪಿಲ್ಲಾ ಬಿಡಿಸಿ ಬೆಳೆಸ್ತಾ ಇದ್ದೇವೆ (ಎಥಿಕ್ಸ್ ಕಮಿಟಿ ಒಪ್ಪಿಗೆ, ದಾನಿಗಳ ಸಹಿ ಎರಡೂ ಉಂಟು). ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ಡಿಎಮ್‌ಇಎಮ್, 20% ಎಫ್‌ಬಿಎಸ್ (ಕರುವಿನ ಭ್ರೂಣದ ಸೀರಮ್). 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್. ಪ್ಯಾಸೇಜ್ 2ರ ತನಕ ಆಲ್ಕಲೈನ್ ಫಾಸ್ಫಟೇಸ್ (ಪ್ಯಾಪಿಲ್ಲಾ ಗುಣ ಉಳಿದಿದೆ ಅಂತ ತೋರಿಸುವ ಕಿಣ್ವ) ಬಣ್ಣ ಚೆನ್ನಾಗಿ ಹಿಡಿಯುತ್ತದೆ. 5ಕ್ಕೆ ಬರುವಾಗ ಎಂತದೂ ಇಲ್ಲ. ಹನಿ ನೇತುಹಾಕಿದರೆ ಗೋಲ ಕಟ್ಟುತ್ತದೆ, ಆದರೆ ಒಂದೇ ಹನಿಯಲ್ಲಿ ಎರಡು ಮೂರು ಸಣ್ಣ ಉಂಡೆ, ಅಂಚಿನ ಹನಿಗಳು ಒಣಗುತ್ತವೆ. ಮಳೆ ಶುರುವಾದ ಮೇಲೆ ಫಂಗಸ್ ಬೇರೆ. ಎಲ್ಲಿ ತಪ್ಪುತ್ತಿದೆ?

ಮಣಿಪಾಲ_ಬೆಂಚ್:
ಬಣ್ಣ ಹೋಗುವುದು ನಿಮ್ಮ ತಪ್ಪಲ್ಲ, ಆ ಕೋಶಗಳ ಸ್ವಭಾವವೇ ಹಾಗೆ. ಫಾಲಿಕಲ್‌ನೊಳಗೆ ಅವು ಒತ್ತೊತ್ತಾಗಿ ಒಂದೇ ಗುಂಪಾಗಿ ಇರುತ್ತವೆ. ಪ್ಲಾಸ್ಟಿಕ್ ಮೇಲೆ ಚಪ್ಪಟೆಯಾಗಿ ಹರಡಿದ ಕೂಡಲೇ ಕೂದಲು ಹುಟ್ಟಿಸುವ ಜೀನ್‌ಗಳು ಒಂದೊಂದಾಗಿ ಆರಿಹೋಗುತ್ತವೆ. ಇಲಿಯ ಮೀಸೆಯ ಪ್ಯಾಪಿಲ್ಲಾ ಕೋಶಗಳನ್ನು ಬೆಳೆಸಿ ವಾಪಸು ಇಟ್ಟರೆ ಕೂದಲು ಹುಟ್ಟುತ್ತದೆ ಅಂತ ಸಂಶೋಧಕ ಜಹೋಡಾ ಮತ್ತು ಸಂಗಡಿಗರು 1984ರಲ್ಲೇ ತೋರಿಸಿದ್ದರು. ಮನುಷ್ಯರ ಕೋಶದಲ್ಲಿ ಅದು ಕೈಗೂಡದೆ ಉಳಿದದ್ದು ಈ ಹರಡುವ ಗುಣದಿಂದಲೇ. 2013ರಲ್ಲಿ ಹಿಗಿನ್ಸ್, ಕ್ರಿಸ್ಟಿಯಾನೋ, ಜಹೋಡಾ ತಂಡ ಗೋಲ ಕಟ್ಟಿಸಿ, ಇಲಿಯ ಬೆನ್ನಿಗೆ ಕಸಿ ಮಾಡಿದ್ದ ಮನುಷ್ಯರ ಚರ್ಮದೊಳಗೆ ಇಟ್ಟಿತು. 7 ದಾನಿಗಳಲ್ಲಿ 5 ಮಂದಿಯ ಕೋಶಗಳು ಕೂದಲು ಕೊಟ್ಟವು. ಆದರೆ ಗೋಲದಿಂದ ವಾಪಸಾದದ್ದು ಕಳೆದುಹೋದ ಜೀನ್ ಗುಣದ ಒಂದು ಪಾಲು ಮಾತ್ರ. ಆದ್ದರಿಂದ ಪ್ಯಾಸೇಜ್ 3ರ ಒಳಗೇ ಗೋಲಕ್ಕೆ ಇಳಿಸಿ. ಪ್ಯಾಸೇಜ್ 2ರಲ್ಲಿ ಒಂದಷ್ಟು ವಯಲ್ (ಸಣ್ಣ ಸೀಸೆ) ಫ್ರೀಜ್ ಮಾಡಿಡಿ.

ಹನಿಯ ಲೆಕ್ಕ: 10 ಮೈಕ್ರೋಲೀಟರ್‌ಗೆ 3,000 ಕೋಶ, ಅಂದರೆ ಮಿಲಿಲೀಟರ್‌ಗೆ 3 ಲಕ್ಷ. ಎರಡು ಮೂರು ಉಂಡೆ ಆಗುವುದಕ್ಕೆ ಹೆಚ್ಚಾಗಿ ಟ್ರಿಪ್ಸಿನ್ (ಕೋಶಗಳನ್ನು ಪ್ಲಾಸ್ಟಿಕ್‌ನಿಂದ ಬಿಡಿಸುವ ಕಿಣ್ವ) ಆದ ಮೇಲೆ ಸರಿಯಾಗಿ ಬಿಡಿಬಿಡಿಯಾಗದ ಕೋಶಗಳು ಕಾರಣ. 40 ಮೈಕ್ರೋಮೀಟರ್ ಜಾಲರಿಯಲ್ಲಿ ಸೋಸಿ. ಟ್ಯೂಬ್ ಇಟ್ಟರೆ ಕೋಶ ತಳಕ್ಕೆ ಕೂರುತ್ತದೆ, ಹತ್ತು ಹನಿಗೊಮ್ಮೆ ಮೆಲ್ಲಗೆ ಪಿಪೆಟ್ ಮಾಡಿ ಕಲಸಿ. ಹನಿ ಹಾಕಿದ ಮುಚ್ಚಳವನ್ನು ಒಂದೇ ಓಟದಲ್ಲಿ ಮಗುಚಬೇಕು, ಅರ್ಧದಲ್ಲಿ ನಿಲ್ಲಿಸಿದರೆ ಹನಿ ಜಾರುತ್ತದೆ. ಡಿಶ್ಶಿನ ತಳಕ್ಕೆ 10 ಮಿಲಿಲೀಟರ್ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಹಾಕಿ, ಅಂಚಿನಿಂದ ಒಂದು ಬೆರಳಗಲ ಬಿಟ್ಟೇ ಹನಿ ಇಡಿ. ನೀರು ಆವಿಯಾದರೆ ಉಪ್ಪು ಗಟ್ಟಿಯಾಗಿ, ಗೋಲ ಕಾಣಿಸಿದರೂ ಒಳಗೆ ಕೋಶ ಸತ್ತಿರುತ್ತದೆ. ಸುಮಾರು 30 ಗಂಟೆ ಸಾಕು, ಆ ಹೊತ್ತಿನಲ್ಲಿ ಇನ್ಕ್ಯುಬೇಟರ್ ಬಾಗಿಲು ತೆರೆಯದಿದ್ದರೆ ಒಳ್ಳೆಯದು.

ಫಂಗಸ್‌ಗೆ: ಕಲ್ಚರ್ ರೂಮಿನಿಂದ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಇವತ್ತೇ ಹೊರಗೆ ಹಾಕಿ. ನಮ್ಮ ಕರಾವಳಿಯ ಮಳೆಗೆ ರಟ್ಟಿನಷ್ಟು ಬೂಸ್ಟು ಹಿಡಿಯುವ ವಸ್ತು ಇನ್ನೊಂದಿಲ್ಲ. ಇನ್ಕ್ಯುಬೇಟರ್ ಟ್ರೇಯ ನೀರು ವಾರಕ್ಕೊಮ್ಮೆ ಬದಲಿಸಿ, ಆಟೋಕ್ಲೇವ್ ಮಾಡಿದ ಡಿಸ್ಟಿಲ್ಡ್ ವಾಟರ್ ಆಗಬೇಕು. ಫಂಗಸ್ ಕೊಲ್ಲುವ ಔಷಧಿ ಆಂಫೋಟೆರಿಸಿನ್-ಬಿಯನ್ನು ಟಿಶ್ಯೂ ತರುವಾಗ, ತೊಳೆಯುವಾಗ ಮಾತ್ರ ಬಳಸಿ. ದಿನವೂ ಮೀಡಿಯಂನಲ್ಲಿದ್ದರೆ ಅದು ಕೋಶಕ್ಕೂ ವಿಷ.

ಗೋಲ_ನೋಡಿ_ನಂಬಬೇಡಿ:
ಒಂದು ಮಾತು ಸೇರಿಸಬೇಕು. ಗೋಲ ಕಟ್ಟಿತು ಅಂದರೆ ಗುಣ ಬಂತು ಅಂತ ಅಲ್ಲ. ಸಾಮಾನ್ಯ ಚರ್ಮದ ಫೈಬ್ರೋಬ್ಲಾಸ್ಟ್ (ಕೂದಲು ಹುಟ್ಟಿಸದ ಕೋಶ) ಹಾಕಿದರೂ ಇಷ್ಟೇ ಚಂದದ ಗೋಲ ಆಗ್ತದೆ. ಅದೇ ದಾನಿಯ ಫೈಬ್ರೋಬ್ಲಾಸ್ಟ್ ಗೋಲವನ್ನು ಪಕ್ಕದಲ್ಲಿ ಇಟ್ಟೇ ಆಲ್ಕಲೈನ್ ಫಾಸ್ಫಟೇಸ್, ವರ್ಸಿಕನ್ (ಪ್ಯಾಪಿಲ್ಲಾದ ಇನ್ನೊಂದು ಗುರುತು) ನೋಡಿ. ಮುಂದೆ ಇಲಿಮರಿಯ ಎಪಿಡರ್ಮಿಸ್ (ಚರ್ಮದ ಮೇಲ್ಪದರ) ಕೋಶದ ಜೊತೆ ಸೇರಿಸಿ ಪರೀಕ್ಷೆ ಮಾಡುವುದಾದರೆ, ಆ ಎಪಿಡರ್ಮಿಸ್‌ನಲ್ಲಿ ಇಲಿಯ ಡರ್ಮಿಸ್ (ಒಳಪದರ) ಕೋಶ ಸ್ವಲ್ಪ ಉಳಿದಿದ್ದರೂ ಕೂದಲು ಬರುತ್ತದೆ, ಅದು ನಿಮ್ಮ ಕೋಶದ್ದೆಂದು ಮೋಸ ಹೋಗ್ತೀರಿ. ಹುಟ್ಟಿದ ಫಾಲಿಕಲ್‌ನ ಪ್ಯಾಪಿಲ್ಲಾಕ್ಕೆ ಮನುಷ್ಯರ ಕೋಶಕ್ಕಷ್ಟೇ ಹಿಡಿಯುವ ನ್ಯೂಕ್ಲಿಯಸ್ ಆಂಟಿಬಾಡಿ ಹಾಕದೆ ಯಾವ ಫೋಟೋವನ್ನೂ ಪ್ರಕಟಿಸಬೇಡಿ.

ಕಾಪು_ಓದುಗ:
ನಡುವೆ ಬಂದದ್ದಕ್ಕೆ ಕ್ಷಮಿಸಿ. ಇದೆಲ್ಲ ಇನ್ನೂ ಲ್ಯಾಬಿನಲ್ಲೇ ಇದ್ದರೆ, ಮಂಗಳೂರಿನಲ್ಲಿ "ಸ್ಟೆಮ್ ಸೆಲ್‌ನಿಂದ ಕೂದಲು" ಅಂತ ಬೋರ್ಡ್ ಹಾಕುವವರು ಕೊಡುವುದು ಎಂತ?

ಮಣಿಪಾಲ_ಬೆಂಚ್:
ಹೆಚ್ಚಿನ ಕಡೆ ಅದು ಪಿಆರ್‌ಪಿ: ನಿಮ್ಮದೇ ರಕ್ತ ತಿರುಗಿಸಿ ಪ್ಲೇಟ್‌ಲೆಟ್ ಗಟ್ಟಿಮಾಡಿದ ಪ್ಲಾಸ್ಮಾ. ಅದರಲ್ಲಿ ಬೆಳೆಸಿದ ಕಾಂಡಕೋಶ ಇರುವುದಿಲ್ಲ. ನಿಜವಾಗಿ ಕೋಶ ಬೆಳೆಸಿ ಚುಚ್ಚಿದ ಒಂದು ಪ್ರಯೋಗ ಎಂದರೆ ಜಪಾನಿನಲ್ಲಿ ಶಿಸೇಡೋ ಕಂಪನಿ ಜೊತೆ ನಡೆದದ್ದು, 2020ರಲ್ಲಿ ಪ್ರಕಟವಾಯಿತು. ಫಾಲಿಕಲ್‌ನ ಹೊರಪೊರೆಯ ಬುಡದ ಕೋಶಗಳನ್ನು ಬಳಸಿದ್ದರು. ಕೂದಲು ಸ್ವಲ್ಪ ದಪ್ಪವಾಯಿತು, ಬೋಳುತಲೆ ತುಂಬಲಿಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಕಾಂಡಕೋಶದ ಇಂಥ ಬಳಕೆ ನೋಂದಾಯಿತ ಕ್ಲಿನಿಕಲ್ ಟ್ರಯಲ್‌ನ ಹೊರಗೆ ಇರಬಾರದು. ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಕೊಡದಿದ್ದರೆ ದುಡ್ಡು ಕೊಡಬೇಡಿ. ಈಗ ಕೂದಲು ಉದುರುತ್ತಿದ್ದರೆ ಚರ್ಮರೋಗ ತಜ್ಞರ ಹತ್ತಿರ ಹೋಗಿ ಮಿನಾಕ್ಸಿಡಿಲ್, ಗಂಡಸರಾದರೆ ಫಿನಾಸ್ಟರೈಡ್ ಬಗ್ಗೆ ಕೇಳಿ, ಕಾಯ್ದಷ್ಟೂ ಫಾಲಿಕಲ್ ಕಿರಿದಾಗುತ್ತಾ ಹೋಗುತ್ತದೆ.

ದೇರಳಕಟ್ಟೆ_ಕಲ್ಚರ್:
ಪಿಬಿಎಸ್ ಹಾಕುತ್ತಿರಲಿಲ್ಲ, ಸೋಸುವುದೂ ಇರಲಿಲ್ಲ. ಪ್ಯಾಸೇಜ್ 2ರ ವಯಲ್ ಮೂರು ಉಂಟು. ಅದರಿಂದಲೇ ಫೈಬ್ರೋಬ್ಲಾಸ್ಟ್ ಗೋಲದ ಜೊತೆಯಲ್ಲಿ ಹನಿ ಹಾಕುತ್ತೇವೆ. ಫ್ರೀಜರ್‌ನಿಂದ ತೆಗೆದ ಕೂಡಲೇ ಹನಿ ಹಾಕಬಹುದಾ?

ಗೋಲ_ನೋಡಿ_ನಂಬಬೇಡಿ:
ಬೇಡ. ಕರಗಿಸಿದ ಮೇಲೆ ಒಂದು ಪ್ಯಾಸೇಜ್ ಪ್ಲೇಟಿನಲ್ಲಿ ಚೇತರಿಸಲಿ. ಸತ್ತ ಕೋಶದ ಚೂರುಗಳೂ ಗೋಲದೊಳಗೆ ಸೇರಿಕೊಂಡರೆ ಎಣಿಕೆಯೇ ತಪ್ಪುತ್ತದೆ.